ನೆಲೆಯಿಲ್ಲದ ಕಲಾವಿದ: ಋತ್ವಿಕ್ ಘಟಕ್

ಒಂದು ನುಡಿಯನ್ನಾಡುವ ಜನ ಹಲವು ಆಡಳಿತಗಳ ಕೆಳಗೆ ಹರಿದು ಹಂಚಿಹೋಗಿದ್ದು, ಬಳಿಕ ಒಂದೇ ನಾಡಿನವರಾದಾಗ ಉಂಟಾಗುವ ಸಂತೋಷ ಎಂಥದೆಂಬುದನ್ನು ಕನ್ನಡಿಗರು ಬಲ್ಲರು. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಬೇರೆಬೇರೆಯಾಗಿದ್ದ ನಾಡು 1956ರ ನವೆಂಬರ್ 1ರಂದು ಒಂದಾಯಿತು. ಅದಾದ ಎಷ್ಟೋ ವರ್ಷಗಳ ಬಳಿಕ ಹುಟ್ಟಿದ ನನ್ನಂಥವರಿಗೆ ಈ ಒಂದುಗೂಡುವಿಕೆ ಗಾಳಿ ನೀರುಗಳಷ್ಟು ಸಹಜವಾದುದು. ಆದುದರಿಂದಲೇ ಇದಕ್ಕೆ ನೇರ ವಿರುದ್ಧವಾದ ಅನುಭವವನ್ನು ಊಹಿಸಿಕೊಳ್ಳುವುದು ನಮಗೆ ಕಷ್ಟ. ನಮಗಿಂತ ಒಂಬತ್ತು ವರ್ಷ ಮೊದಲು, 1947ರ ಆಗಸ್ಟಿನಲ್ಲಿ, ಬಂಗಾಳಿ ನಾಡು ಎರಡಾಗಿ ಸೀಳಿಹೋಯಿತು. ಒಂದೇ ಭಾಷೆ, ಒಂದೇ ಹಾಡು, ಒಂದೇ ಊಟ, ಒಂದೇ ಮಳೆಯ ಜನರ ನಡುವೆ ಗಡಿಯ ಗೆರೆ ಬಿತ್ತು. ಆ ಗೆರೆಯನ್ನು ಮನಸ್ಸಿನಲ್ಲಿ ಎಂದಿಗೂ ಒಪ್ಪಿಕೊಳ್ಳದೆ ಬದುಕಿ, ಒಪ್ಪಿಕೊಳ್ಳದೆಯೇ ಸತ್ತ ಕಲಾವಿದರು ಋತ್ವಿಕ್ ಘಟಕ್. ಅವರು ಬರೆದು ನಿರ್ದೇಶಿಸಿದ ಪೂರ್ಣ ಪ್ರಮಾಣದ ಚಲನಚಿತ್ರಗಳು ಎಂಟೇ ಎಂಟು. ಅವುಗಳಲ್ಲಿ ಜನ ಮೆಚ್ಚಿ ಹಣ ಕೊಟ್ಟು ನೋಡಿದುದು ಒಂದೇ ಒಂದು. ಆದರೂ ಭಾರತೀಯ ಚಲನಚಿತ್ರದ ಚರಿತ್ರೆಯನ್ನು ಅವರ ಹೆಸರಿಲ್ಲದೆ ಬರೆಯಲು ಇಂದು ಯಾರೂ ಮುಂದಾಗುವುದಿಲ್ಲ.

ಘಟಕರು ಹುಟ್ಟಿದ್ದು 1925ರ ನವೆಂಬರ್ 4ರಂದು, ಢಾಕಾ ನಗರದಲ್ಲಿ. ತಂದೆ ಸುರೇಶಚಂದ್ರ ಘಟಕರು ಜಿಲ್ಲಾ ಮ್ಯಾಜಿಸ್ಟ್ರೇಟರು. ಕಾವ್ಯ ನಾಟಕಗಳಲ್ಲಿ ಆಸಕ್ತಿಯುಳ್ಳವರು. ತಾಯಿ ಇಂದುಬಾಲಾದೇವಿ. ಮನೆಯಲ್ಲಿ ಸಾಹಿತ್ಯದ ಗಾಳಿ ಧಾರಾಳವಾಗಿ ಬೀಸುತ್ತಿತ್ತು. ಹಿರಿಯಣ್ಣ ಮನೀಶ್ ಘಟಕ್ ಬಂಗಾಳಿಯ ಹೆಸರಾಂತ ಲೇಖಕರು. ಅವರ ಮಗಳೇ ಮುಂದೆ ಆದಿವಾಸಿಗಳ ಬದುಕನ್ನು ಬರೆದು ಕನ್ನಡ ವಾಚಕರಿಗೂ ಪರಿಚಿತರಾದ ಮಹಾಶ್ವೇತಾದೇವಿ. ಋತ್ವಿಕರು ಮನೆಯ ಕೊನೆಯ ಮಗು. ಇನ್ನೂ ಸರಿಯಾಗಿ ಹೇಳಬೇಕಾದರೆ, ಕೊನೆಯ ಎರಡು ಮಕ್ಕಳಲ್ಲಿ ಒಬ್ಬರು. ಅವರೊಡನೆ ಅವಳಿಯಾಗಿ ಹುಟ್ಟಿದವರು ಪ್ರತೀತಿ. ಈ ಅವಳಿಗಳ ಕಥೆಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಪ್ರತೀತಿಯವರು ಸೇರಿದ್ದು ಧೀರೇಂದ್ರನಾಥ ದತ್ತರ ಮನೆಯ ಸೊಸೆಯಾಗಿ. 1948ರಲ್ಲಿ ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಬಂಗಾಳಿ ಭಾಷೆಗೆ ಸ್ಥಾನ ಬೇಕೆಂದು ಎದ್ದುನಿಂತು ಕೇಳಿದ, 1971ರಲ್ಲಿ ಪಾಕಿಸ್ತಾನದ ಸೈನ್ಯಕ್ಕೆ ಬಲಿಯಾದ ಧೀರೇಂದ್ರನಾಥರೇ ಇವರು. ಒಂದೇ ಗರ್ಭದಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬರು ಗಡಿಯ ಈಚೆಗೆ, ಒಬ್ಬರು ಆಚೆಗೆ ಉಳಿದರು. ಘಟಕರ ಚಿತ್ರಗಳಲ್ಲಿ ಅಣ್ಣತಂಗಿಯರ ಅಗಲಿಕೆ ಅಷ್ಟು ಸಲ ಏಕೆ ಬರುತ್ತದೆಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವ ಸಂಗತಿ ಇದು.

ಬಾಲ್ಯದ ಬಹುಭಾಗ ಕಳೆದದ್ದು ಪದ್ಮಾನದಿಯ ದಡದ ರಾಜಶಾಹಿಯಲ್ಲಿ. ಎದುರುದಡ ಕಾಣದಷ್ಟು ಅಗಲವಾದ ಆ ನದಿ, ಅದರ ಮೇಲಿನ ದೋಣಿಗಳು, ಅಂಬಿಗರ ಹಾಡುಗಳು ಆ ಹುಡುಗನ ಮನಸ್ಸಿನಲ್ಲಿ ಶಾಶ್ವತವಾಗಿ ನೆಲೆನಿಂತವು. ಹದಿನೆಂಟರ ವಯಸ್ಸಿನ ಹೊತ್ತಿಗೆ 1943ರ ಕ್ಷಾಮ ಬಂದಿತು. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಕಲ್ಕತ್ತೆಯ ಬೀದಿಗಳಲ್ಲಿ ಜನ ಗಂಜಿಯನ್ನಾದರೂ ಕೊಡಿರೆಂದು ಅಂಗಲಾಚಿದರು. ಅದರ ಹಿಂದೆಯೇ ಕೋಮುಗಲಭೆ. ಗಲಭೆಯ ಹಿಂದೆಯೇ ದೇಶವಿಭಜನೆ. ಘಟಕರು ಬಹರಂಪುರದ ಕೃಷ್ಣನಾಥ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಎಂ.ಎ. ತರಗತಿಗೆ ಸೇರಿದರಾದರೂ ಪದವಿಯನ್ನು ಪಡೆಯುವ ಗೋಜಿಗೆ ಹೋಗಲಿಲ್ಲ. ಹೊರಗೆ ನಡೆಯುತ್ತಿದ್ದುದು ಅವರನ್ನು ತರಗತಿಯಲ್ಲಿ ಕೂರಗೊಡಲಿಲ್ಲ.

ಅವರು ಮೊದಲು ಕೈಗೆತ್ತಿಕೊಂಡದ್ದು ಸಣ್ಣಕಥೆಯನ್ನು. ಕಥೆ ಬರೆಯುವವನಿಗೆ ಓದುಗರು ಎಷ್ಟು ಮಂದಿ ಎಂಬ ಪ್ರಶ್ನೆ ಬೇಗನೆ ಎದುರಾಯಿತು. ಅಕ್ಷರ ಬಲ್ಲವರೇ ಕಡಿಮೆಯಾದ ನಾಡಿನಲ್ಲಿ ಕಥೆ ಯಾರನ್ನು ಮುಟ್ಟೀತು, ಮುಟ್ಟುವುದಕ್ಕೆ ಎಷ್ಟು ಕಾಲ ಹಿಡಿದೀತು? ಆ ಹೊತ್ತಿನಲ್ಲಿ ಬಂಗಾಳದಲ್ಲಿ ಭಾರತೀಯ ಜನನಾಟ್ಯ ಸಂಘ ಹೊಸ ಹುರುಪಿನಿಂದ ನಡೆದಿತ್ತು. ಕ್ಷಾಮವನ್ನೇ ವಸ್ತುವಾಗಿಸಿಕೊಂಡು ಬಿಜನ್ ಭಟ್ಟಾಚಾರ್ಯರು ಬರೆದ ‘ನಬಾನ್ನ’ ನಾಟಕ 1944ರಲ್ಲಿ ರಂಗಕ್ಕೆ ಬಂದು ಬಂಗಾಳಿ ರಂಗಭೂಮಿಯ ದಿಕ್ಕನ್ನೇ ಬದಲಿಸಿತ್ತು. ಘಟಕರು ಕಥೆಯನ್ನು ಬಿಟ್ಟು ನಾಟಕಕ್ಕೆ ಬಂದರು. ನಟಿಸಿದರು, ಆಡಿಸಿದರು, ಬರೆದರು. ಬ್ರೆಖ್ಟನ ನಾಟಕಗಳನ್ನು ಬಂಗಾಳಿಗೆ ತಂದರು. ವಿಭಜನೆಯಿಂದ ನೆಲೆ ತಪ್ಪಿದವರ ಗೋಳನ್ನು ಹೇಳುವ ‘ದಲಿಲ್’ ಅವರ ಈ ಕಾಲದ ಮುಖ್ಯ ನಾಟಕ. ಕಥೆ ಓದುವವರು ನೂರಾದರೆ ನಾಟಕ ನೋಡುವವರು ಸಾವಿರ. ಆದರೆ ಸಿನಿಮಾ ನೋಡುವವರು ಲಕ್ಷ. ಲಕ್ಷ ಜನರ ಬಳಿಗೆ ಹೋಗುವ ದಾರಿ ಎಂದೇ ಅವರು ಚಲನಚಿತ್ರವನ್ನು ಹಿಡಿದರು. ಅದಕ್ಕಿಂತ ದೊಡ್ಡ ದಾರಿ ಇನ್ನೊಂದು ಸಿಕ್ಕಿದರೆ ಇದನ್ನೂ ಬಿಟ್ಟು ಅಲ್ಲಿಗೆ ಹೋಗಲು ಸಿದ್ಧರಿದ್ದರು. ಕಲೆಗಾಗಿ ಕಲೆ ಎಂಬ ಮಾತಿಗೂ ಅವರಿಗೂ ಬಹಳ ದೂರ. ಮುಂದೆ ಅವರ ಬಾಳಿನಲ್ಲಿ ಕಂಡುಬರುವ ವಿಪರ್ಯಾಸವನ್ನು ಅರಿಯಲು ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಜನರನ್ನು ಹುಡುಕಿಕೊಂಡು ಬಂದ ಮಾಧ್ಯಮದಲ್ಲಿಯೇ ಅವರಿಗೆ ಬದುಕಿರುವಷ್ಟು ಕಾಲ ಜನ ಸಿಕ್ಕಲಿಲ್ಲ.

ನಿರಾಶ್ರಿತರ ಬದುಕನ್ನು ಕುರಿತು ನಿಮಾಯ್ ಘೋಷರು ತೆಗೆದ ‘ಛಿನ್ನಮೂಲ್’ ಚಿತ್ರದಲ್ಲಿ ಸಹಾಯಕರಾಗಿ, ನಟರಾಗಿ ಕೆಲಸ ಕಲಿತ ಬಳಿಕ ಘಟಕರು ತಮ್ಮ ಮೊದಲ ಚಿತ್ರ ‘ನಾಗರಿಕ’ವನ್ನು ಕೈಗೆತ್ತಿಕೊಂಡರು. ಕಲ್ಕತ್ತೆಯಲ್ಲಿ ಕೆಲಸ ಹುಡುಕುವ ತರುಣ ರಾಮು, ಮೆಲ್ಲಮೆಲ್ಲನೆ ಕೆಳಕ್ಕೆ ಜಾರುವ ಅವನ ಸಂಸಾರ, ಇಷ್ಟೇ ಕಥೆ. 1952-53ರ ಹೊತ್ತಿಗೆ ಚಿತ್ರ ಸಿದ್ಧವಾಯಿತು. ಬಿಡುಗಡೆ ಮಾತ್ರ ಆಗಲಿಲ್ಲ. ಅದು ತೆರೆ ಕಂಡದ್ದು 1977ರ ಸೆಪ್ಟೆಂಬರಿನಲ್ಲಿ, ಮಾಡಿದವರು ತೀರಿಕೊಂಡು ಒಂದೂವರೆ ವರ್ಷ ಕಳೆದ ಮೇಲೆ. ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ ಬಂದದ್ದು 1955ರಲ್ಲಿ. ಬಂಗಾಳಿ ಹೊಸ ಚಿತ್ರದ ಉದಯಕಾಲವನ್ನು ಎಲ್ಲರೂ ಅಲ್ಲಿಂದಲೇ ಎಣಿಸುತ್ತಾರೆ. ‘ನಾಗರಿಕ’ ಅದಕ್ಕಿಂತ ಮೊದಲೇ ಸಿದ್ಧವಾಗಿ ಡಬ್ಬಿಯಲ್ಲಿ ಕುಳಿತಿತ್ತು. ಮೊದಲ ಕೃತಿಗೆ ಒಬ್ಬ ಓದುಗನೂ ದೊರೆಯದೆ ಹೋದ ಲೇಖಕ ಎರಡನೆಯದನ್ನು ಬರೆಯಲು ಎಷ್ಟು ಧೈರ್ಯ ಬೇಕೆಂಬುದನ್ನು ಸಾಹಿತ್ಯದ ಓದುಗರು ಊಹಿಸಬಲ್ಲರು.

ಇದೇ ಕಾಲಕ್ಕೆ ಇನ್ನೊಂದು ಆಸರೆಯೂ ಕೈತಪ್ಪಿತು. ಘಟಕರು ಕಮ್ಯೂನಿಸ್ಟ್ ಪಕ್ಷದ ಸದಸ್ಯರು; ನಂಬಿಕೆಯಿಂದ ಸೇರಿದವರು. ಆದರೆ ಕಲಾವಿದರು ಪಕ್ಷದ ಘೋಷಣೆಗಳನ್ನು ಹಾಡಿನ ಧಾಟಿಗೆ ಹೊಂದಿಸಿಕೊಡುವ ಕೆಲಸಗಾರರಲ್ಲವೆಂದೂ ಜನಪದದ ಪುರಾಣ, ಹಾಡು, ಆಚರಣೆಗಳ ಆಳಕ್ಕೆ ಇಳಿಯದೆ ಜನರ ಕಲೆ ಹುಟ್ಟದೆಂದೂ ಅವರ ನಿಲುವು. ತಮ್ಮ ವಿಚಾರಗಳನ್ನು 1954ರಲ್ಲಿ ಒಂದು ದೀರ್ಘ ಪ್ರಬಂಧವಾಗಿ ಬರೆದು ಪಕ್ಷದ ಮುಂದಿಟ್ಟರು. ಮರುವರ್ಷ ಪಕ್ಷ ಅವರನ್ನು ಹೊರಗೆ ಹಾಕಿತು. ಆ ಪ್ರಬಂಧ ಜನರ ಕೈಗೆ ಬಂದದ್ದು ದಶಕಗಳ ಬಳಿಕ.

1955ರಲ್ಲಿ ಅವರು ಸುರಮಾ ಭಟ್ಟಾಚಾರ್ಯರನ್ನು ವಿವಾಹವಾದರು. ಸಂಸಾರ ನಡೆಯಬೇಕಲ್ಲ, ಮುಂಬಯಿಗೆ ಹೋಗಿ ಫಿಲ್ಮಿಸ್ತಾನ್ ಸ್ಟುಡಿಯೋದಲ್ಲಿ ಕಥೆಗಾರರಾಗಿ ಸೇರಿದರು. ಹೃಷೀಕೇಶ ಮುಖರ್ಜಿಯವರ ‘ಮುಸಾಫಿರ್’ ಚಿತ್ರದ ಬರವಣಿಗೆಯಲ್ಲಿ ಪಾಲುಗೊಂಡರು. ಬಿಮಲ್ ರಾಯರಿಗೆ ಒಂದು ಕಥೆಯನ್ನು ಕೊಟ್ಟರು. ಅದು 1958ರಲ್ಲಿ ‘ಮಧುಮತಿ’ ಎಂಬ ಹೆಸರಿನಿಂದ ತೆರೆಗೆ ಬಂದು ದೇಶದ ಮೂಲೆಮೂಲೆಯನ್ನು ಮುಟ್ಟಿತು. ಒಂಬತ್ತು ಫಿಲ್ಮ್‌ಫೇರ್ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಪೂರ್ವಜನ್ಮದ ಪ್ರೇಮದ ಆ ಕಥೆಯನ್ನೂ ಅದರ ಹಾಡುಗಳನ್ನೂ ನಮ್ಮ ಊರುಗಳ ಹಿರಿಯರು ಇಂದಿಗೂ ನೆನೆಯುತ್ತಾರೆ. ಅದರ ಕಥೆಗಾರ ಯಾರೆಂದು ಕೇಳಿದರೆ ಹೇಳುವವರು ವಿರಳ. ಮುಂಬಯಿಯಲ್ಲಿ ಉಳಿದಿದ್ದರೆ ಘಟಕರ ಮನೆಯಲ್ಲಿ ಅನ್ನಕ್ಕೆ ಕೊರತೆಯಾಗುತ್ತಿರಲಿಲ್ಲ. ಅವರು ಉಳಿಯಲಿಲ್ಲ, ಕಲ್ಕತ್ತೆಗೆ ಹಿಂದಿರುಗಿದರು. ‘ಮಧುಮತಿ’ ಬಂದ ವರ್ಷವೇ ಅವರು ಸ್ವತಃ ನಿರ್ದೇಶಿಸಿದ ‘ಅಜಾಂತ್ರಿಕ್’ ಬಂದಿತು.

‘ಅಜಾಂತ್ರಿಕ್’ ಸುಬೋಧ್ ಘೋಷರ ಸಣ್ಣಕಥೆಯನ್ನು ಆಧರಿಸಿದ್ದು. ಬಿಮಲ್ ಎಂಬ ಟ್ಯಾಕ್ಸಿ ಚಾಲಕ, ಜಗದ್ದಲ್ ಎಂಬ ಹೆಸರಿನ ಅವನ ಲಡಕಾಸಿ ಷೆವರ್ಲೆ ಕಾರು, ಇವರಿಬ್ಬರೇ ನಾಯಕ ನಾಯಕಿಯರು. ಕಾರು ಅವನಿಗೆ ಗೆಳೆಯ, ಮಗು, ಹೆಂಡತಿ ಎಲ್ಲವೂ ಹೌದು. ಊರಿನವರ ಕಣ್ಣಿಗೆ ಅವನು ಹುಚ್ಚ. ರಾಂಚಿಯ ಸುತ್ತಲಿನ ಛೋಟಾನಾಗಪುರದ ಗುಡ್ಡಗಳಲ್ಲಿ, ಉರಾಂವ್ ಆದಿವಾಸಿಗಳ ಕುಣಿತ ಮೆರವಣಿಗೆಗಳ ನಡುವೆ ಈ ಕಥೆ ನಡೆಯುತ್ತದೆ. ಜಡವಸ್ತುವಿನಲ್ಲಿಯೂ ಜೀವವನ್ನು ಕಾಣುವ ಆ ಜನರ ದೃಷ್ಟಿಯನ್ನು ಚಾಲಕನ ಹುಚ್ಚಿನ ಪಕ್ಕದಲ್ಲಿಟ್ಟದ್ದೇ ಘಟಕರ ಸ್ವಂತ ಸೇರ್ಪಡೆ. ಆಯುಧಪೂಜೆಯ ದಿನ ಎತ್ತಿನ ಗಾಡಿಯಿಂದ ಲಾರಿಯವರೆಗೆ ಎಲ್ಲಕ್ಕೂ ಕುಂಕುಮ ಹೂವು ಏರಿಸುವ ನಾಡಿನವರಾದ ನಮಗೆ ಬಿಮಲನ ಮನಸ್ಸು ಅಪರಿಚಿತವೆನಿಸಬಾರದು. ಕೊನೆಗೆ ಕಾರು ಗುಜರಿಯ ಪಾಲಾಗುತ್ತದೆ. ಅದರ ಹಾರನ್ನನ್ನು ಹಿಡಿದು ಆಡುವ ಮಗುವನ್ನು ಕಂಡು ಬಿಮಲನ ಮುಖದಲ್ಲಿ ಕಣ್ಣೀರಿನ ನಡುವೆ ನಗು ಮೂಡುತ್ತದೆ. ಚಿತ್ರ 1959ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನಗೊಂಡಿತು, ಕಲ್ಕತ್ತೆಯಲ್ಲಿ ಓಡಲಿಲ್ಲ. ಅದರ ಹಿಂದೆಯೇ ಬಂದ ‘ಬಾಡಿ ಥೇಕೆ ಪಾಲಿಯೆ’, ಮನೆ ಬಿಟ್ಟು ಮಹಾನಗರಕ್ಕೆ ಓಡಿಬಂದ ಹುಡುಗನ ಕಥೆ, ಅದೂ ಗೆಲ್ಲಲಿಲ್ಲ.

ಆಮೇಲಿನ ಮೂರು ಚಿತ್ರಗಳು ಘಟಕರ ಹೆಸರನ್ನು ಉಳಿಸಿದವು. ಅವುಗಳಲ್ಲಿ ಮೊದಲನೆಯದು 1960ರ ‘ಮೇಘೆ ಢಾಕಾ ತಾರಾ’, ಮೋಡ ಕವಿದ ನಕ್ಷತ್ರ. ಶಕ್ತಿಪದ ರಾಜಗುರು ಇದರ ಮೂಲ ಕಥೆಗಾರರು. ಪೂರ್ವಬಂಗಾಳದಿಂದ ಬಂದು ಕಲ್ಕತ್ತೆಯ ಅಂಚಿನ ನಿರಾಶ್ರಿತರ ಕಾಲೊನಿಯಲ್ಲಿ ನೆಲೆಸಿದ ಒಂದು ಬಡ ಉಪಾಧ್ಯಾಯರ ಸಂಸಾರ. ಹಿರಿಯ ಮಗಳು ನೀತಾ ದುಡಿದು ಎಲ್ಲರನ್ನೂ ಸಾಕುತ್ತಾಳೆ. ಅಣ್ಣನ ಸಂಗೀತ, ತಮ್ಮನ ಆಟ, ತಂಗಿಯ ಶೃಂಗಾರ, ಎಲ್ಲವೂ ಅವಳ ಸಂಬಳದ ಮೇಲೆ. ಅವಳು ಪ್ರೀತಿಸಿದವನನ್ನು ತಂಗಿ ಮದುವೆಯಾಗುತ್ತಾಳೆ. ದುಡಿಯುವ ಮಗಳು ಕೈಬಿಟ್ಟು ಹೋದಾಳೆಂಬ ಭಯದಿಂದ ತಾಯಿಯೇ ಅದಕ್ಕೆ ಮೌನವಾಗಿ ಒಪ್ಪುತ್ತಾಳೆ. ನೀತಾಳಿಗೆ ಕ್ಷಯ ತಗಲುತ್ತದೆ. ಸಂಸಾರ ಮೇಲಕ್ಕೆ ಬಂದು ಮಾಳಿಗೆ ಕಟ್ಟಿಸುವ ಹೊತ್ತಿಗೆ ಅವಳು ಶಿಲ್ಲಾಂಗಿನ ಬೆಟ್ಟದ ಆರೋಗ್ಯಧಾಮದಲ್ಲಿ ಸಾವಿನ ಹಾದಿ ಕಾಯುತ್ತಿರುತ್ತಾಳೆ. ನೋಡಲು ಬಂದ ಅಣ್ಣನನ್ನು ಅಪ್ಪಿ, ಬದುಕಬೇಕೆಂಬ ತನ್ನ ಆಸೆಯನ್ನು ಅವಳು ಕೂಗಿ ಹೇಳುತ್ತಾಳೆ. ಬೆಟ್ಟಗಳು ಆ ಕೂಗನ್ನು ಮರುಕೊಡುತ್ತವೆ. ಜೀವಮಾನವೆಲ್ಲ ದನಿಯೆತ್ತದಿದ್ದವಳ ಮೊದಲ ಕೂಗು ಅದು.

ಈ ಕಥೆಯ ಒಳಗೆ ಘಟಕರು ಒಂದು ಪುರಾಣವನ್ನು ಹೊಸೆದಿದ್ದಾರೆ. ಬಂಗಾಳಿಗಳಿಗೆ ದುರ್ಗೆ ಮೊದಲಾಗಿ ಮನೆಮಗಳು ಉಮೆ; ವರ್ಷಕ್ಕೊಮ್ಮೆ ತವರಿಗೆ ಬಂದು, ವಿಜಯದಶಮಿಯಂದು ಗಂಡನ ಮನೆಗೆ ಹೊರಡುವವಳು. ಅವಳನ್ನು ಕಳಿಸಿಕೊಡುವ ದುಃಖದ ಹಾಡುಗಳು ಅಲ್ಲಿ ಮನೆಮನೆಯಲ್ಲಿವೆ. ಭಾದ್ರಪದದಲ್ಲಿ ತವರಿಗೆ ಬರುವ ಗೌರಿಗೆ ಬಾಗಿನ ಕೊಟ್ಟು ನೀರಿಗೆ ಬಿಡುವ ಕನ್ನಡದ ಹೆಣ್ಣುಮಕ್ಕಳಿಗೆ ಈ ಭಾವವನ್ನು ಬಿಡಿಸಿ ಹೇಳಬೇಕಾದುದಿಲ್ಲ. ನೀತಾಳನ್ನು ಮನೆಯಿಂದ ಹೊರಗೆ ಕಳಿಸುವ ಹೊತ್ತಿಗೆ ಚಿತ್ರದಲ್ಲಿ ಕೇಳುವುದು ಉಮೆಯನ್ನು ಬೀಳ್ಕೊಡುವ ಹಾಡಿನ ದನಿ. ದೇವಿಯೆಂದು ಹೊಗಳುತ್ತಲೇ ಹೆಣ್ಣನ್ನು ಸವೆಸಿ ತಿನ್ನುವ ಸಂಸಾರದ ಕ್ರೌರ್ಯವನ್ನು ಇದಕ್ಕಿಂತ ಮೃದುವಾಗಿಯೂ ಇದಕ್ಕಿಂತ ಕಠಿಣವಾಗಿಯೂ ಹೇಳಿದ ಚಿತ್ರವನ್ನು ನಾನು ನೋಡಿಲ್ಲ. ಜನ ಈ ಚಿತ್ರವನ್ನು ಮುಗಿಬಿದ್ದು ನೋಡಿದರು. ಘಟಕರ ಬಾಳಿನಲ್ಲಿ ಕಂಡ ಒಂದೇ ಗೆಲುವು ಇದು.

ಗೆಲುವಿನ ಧೈರ್ಯದಿಂದ 1961ರಲ್ಲಿ ‘ಕೋಮಲ್ ಗಾಂಧಾರ್’ ತೆಗೆದರು. ನಮ್ಮ ಕರ್ನಾಟಕ ಸಂಗೀತದವರು ಸಾಧಾರಣ ಗಾಂಧಾರವೆಂದು ಕರೆಯುವ ಸ್ವರದ ಹಿಂದೂಸ್ತಾನಿ ಹೆಸರು ಅದು. ಒಡೆದು ಎರಡಾದ ನಾಟಕ ತಂಡ, ಮತ್ತೆ ಒಂದಾಗಲು ಹೆಣಗುವ ಭೃಗು ಮತ್ತು ಅನಸೂಯೆ, ಅವರ ಹಿಂದೆ ಒಡೆದ ನಾಡು. ಹಿನ್ನೆಲೆಯಲ್ಲಿ ಉದ್ದಕ್ಕೂ ಮದುವೆಯ ಹಾಡುಗಳು. ಪದ್ಮೆಯ ದಡದ ದೃಶ್ಯವೊಂದು ಮರೆಯಲಾಗದ್ದು. ಹಿಂದೆ ಆಚೆಯ ದಡದವರನ್ನು ಈಚೆಗೆ ತರುತ್ತಿದ್ದ ರೈಲು ಹಳಿ ಈಗ ನದಿಯ ಬಳಿ ಬಂದು ನಿಂತುಹೋಗಿದೆ. ಕ್ಯಾಮೆರಾ ಆ ಹಳಿಯ ಮೇಲೆ ವೇಗವಾಗಿ ಧಾವಿಸಿ, ಹಳಿ ಮುಗಿದಲ್ಲಿ ತೆರೆ ಕಪ್ಪಾಗುತ್ತದೆ. ಘಟಕರು ತಮ್ಮ ಎದೆಗೆ ಎಲ್ಲಕ್ಕಿಂತ ಹತ್ತಿರವೆಂದು ಭಾವಿಸಿದ ಈ ಚಿತ್ರವನ್ನು ಜನ ಕೈಬಿಟ್ಟರು. ಹಳೆಯ ರಾಜಕೀಯ ಗೆಳೆಯರಿಗೂ ಹಿಡಿಸಲಿಲ್ಲ. ತಮ್ಮ ಸಂಘದ ಒಡಕನ್ನೇ ಅದರಲ್ಲಿ ಕಂಡರು. ಈ ಸೋಲಿನಿಂದ ಘಟಕರು ಪೂರ್ತಿಯಾಗಿ ಚೇತರಿಸಿಕೊಳ್ಳಲೇ ಇಲ್ಲ. ಕುಡಿತ ಹೆಚ್ಚಿತು.

ಮೂರನೆಯದಾದ ‘ಸುವರ್ಣರೇಖಾ’ 1962ರಲ್ಲಿ ಸಿದ್ಧವಾಗಿ, 1965ರಲ್ಲಿ ಬಿಡುಗಡೆಯಾಯಿತು. ನಿರಾಶ್ರಿತ ಈಶ್ವರ ತನ್ನ ಪುಟ್ಟ ತಂಗಿ ಸೀತೆಯನ್ನೂ ಅನಾಥ ಬಾಲಕ ಅಭಿರಾಮನನ್ನೂ ಕರೆದುಕೊಂಡು, ಸುವರ್ಣರೇಖಾ ನದಿಯ ಬಳಿ ಒಂದು ಕೆಲಸ ಹಿಡಿಯುತ್ತಾನೆ. ಮಕ್ಕಳು ಮಹಾಯುದ್ಧ ಕಾಲದ ಪಾಳುಬಿದ್ದ ವಿಮಾನದ ಓಡುದಾರಿಯ ಮೇಲೆ ಆಡಿ ಬೆಳೆಯುತ್ತಾರೆ, ಪ್ರೀತಿಸುತ್ತಾರೆ. ಆಗ ಅಭಿರಾಮ ಕೀಳೆಂದೆಣಿಸಿದ ಜಾತಿಯವನೆಂಬುದು ಬಯಲಾಗುತ್ತದೆ. ಮನೆ ಕಳೆದುಕೊಂಡು ಬಂದವನೇ ಇನ್ನೊಬ್ಬನಿಗೆ ಮನೆಯ ಬಾಗಿಲು ಮುಚ್ಚುತ್ತಾನೆ. ಓಡಿಹೋಗಿ ಮದುವೆಯಾದ ಸೀತೆ ಕಲ್ಕತ್ತೆಯಲ್ಲಿ ವಿಧವೆಯಾಗಿ, ಹೊಟ್ಟೆಪಾಡಿಗಾಗಿ ಮೈಮಾರುವ ಸ್ಥಿತಿಗೆ ಬರುತ್ತಾಳೆ. ಅವಳ ಬಾಗಿಲಿಗೆ ಬರುವ ಮೊದಲ ಗಿರಾಕಿ ಕುಡಿದು ಕಣ್ಣು ಕಾಣದ ಅವಳ ಅಣ್ಣ. ಅವಳು ಅಲ್ಲಿಯೇ ಪ್ರಾಣ ಬಿಡುತ್ತಾಳೆ. ಇದು ಅತಿಯಾಯಿತೆಂದು ವಿಮರ್ಶಕರು ಆಕ್ಷೇಪಿಸಿದರು. ಆಕಸ್ಮಿಕಗಳ ರಾಶಿ ಎಂದರು. ಆಕ್ಷೇಪ ಸುಳ್ಳಲ್ಲ. ಆದರೆ ನಡೆದ ವಿಭಜನೆಯೇ ಅತಿಯಾದುದು. ಲಕ್ಷಾಂತರ ಜನರ ಬದುಕಿನ ಮೇಲೆ ಬಿದ್ದ ಆಕಸ್ಮಿಕ. ಅಳತೆ ಮೀರಿದ ದುಃಖವನ್ನು ಅಳತೆಯ ಮಾತಿನಲ್ಲಿ ಹೇಳಲು ಘಟಕರು ಒಪ್ಪಲಿಲ್ಲ. ನಮ್ಮ ಬಯಲಾಟ ಯಕ್ಷಗಾನಗಳನ್ನು ನೋಡಿ ಬೆಳೆದವರಿಗೆ ಈ ಎತ್ತರದ ದನಿ ದೋಷವೆಂದು ತೋರುವುದಿಲ್ಲ. ಜನಪದ ರಂಗದ ಆವೇಶವನ್ನೇ ಅವರು ಹೊಸ ಮಾಧ್ಯಮಕ್ಕೆ ತಂದರು. ಜಾತಿಯ ಮಾತಿನಲ್ಲಂತೂ ಅವರ ಕಣ್ಣು ಬಹಳ ನಿಷ್ಠುರವಾಗಿತ್ತು. ನೊಂದವನೆಂಬ ಒಂದೇ ಕಾರಣಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲವೆಂದು ಈಶ್ವರನ ಪಾತ್ರ ಹೇಳುತ್ತದೆ.

‘ಸುವರ್ಣರೇಖಾ’ ಮುಗಿದ 1962ರಿಂದ ಮುಂದಿನ ಹತ್ತು ವರ್ಷ ಘಟಕರು ಒಂದೇ ಒಂದು ಪೂರ್ಣ ಪ್ರಮಾಣದ ಕಥಾಚಿತ್ರವನ್ನೂ ಮುಗಿಸಲಿಲ್ಲ. ‘ಬಗಲಾರ್ ಬಂಗದರ್ಶನ್’, ‘ರಂಗೇರ್ ಗೋಲಾಮ್’ ಎಂದು ಆರಂಭಿಸಿದ ಚಿತ್ರಗಳು ನಡುವೆಯೇ ನಿಂತವು. ಸಾಕ್ಷ್ಯಚಿತ್ರಗಳನ್ನು ಮಾಡಿಕೊಟ್ಟು ದಿನ ದೂಡಿದರು. 1965-66ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕರಾಗಿ, ಉಪಪ್ರಾಂಶುಪಾಲರಾಗಿ ಇದ್ದರು. ಅಲ್ಲಿದ್ದುದು ಅಲ್ಪಕಾಲ, ಆದರೆ ಕುಮಾರ್ ಶಹಾನಿ, ಮಣಿ ಕೌಲ್, ಮಲಯಾಳದ ಜಾನ್ ಅಬ್ರಹಾಂ ಮೊದಲಾದವರು ಅವರಿಂದ ಕಲಿತವರು. ತಮ್ಮ ಚಿತ್ರಗಳಿಗೆ ದೊರೆಯದ ಪ್ರೇಕ್ಷಕರು ಅವರಿಗೆ ತರಗತಿಯಲ್ಲಿ ದೊರೆತರು. ಈ ಶಿಷ್ಯರು ಗುರುವಿನ ಶೈಲಿಯನ್ನು ನಕಲು ಮಾಡದೆ ತಮ್ಮ ತಮ್ಮ ದಾರಿಗಳನ್ನು ಕಂಡುಕೊಂಡದ್ದನ್ನು ನಾನು ಅಧ್ಯಾಪಕನಾಗಿ ವಿಶೇಷವಾಗಿ ಗಮನಿಸುತ್ತೇನೆ; ಒಳ್ಳೆಯ ಪಾಠದ ಗುರುತು ಅದು. ಪುಣೆಯೂ ನಿಲ್ಲಲಿಲ್ಲ. ಕುಡಿತದಿಂದಲೂ ನಿರಾಶೆಯಿಂದಲೂ ಮನಸ್ಸು ಕದಡಿ, 1969ರಲ್ಲಿ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಬೇಕಾಯಿತು. ಅಲ್ಲಿಯೂ ಒಂದು ನಾಟಕ ಬರೆದು, ಅಲ್ಲಿದ್ದ ರೋಗಿಗಳಿಂದಲೇ ಆಡಿಸಿದರು. 1970ರಲ್ಲಿ ಭಾರತ ಸರಕಾರ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು.

ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಚಿತ್ರಸಮಾಜಗಳ ತರುಣರಲ್ಲಿ ಘಟಕರ ಕುಡಿತದ ಕಥೆಗಳು ಅವರ ಚಿತ್ರಗಳಿಗಿಂತ ಹೆಚ್ಚು ಪ್ರಚಾರದಲ್ಲಿವೆ. ಬಾಟಲಿ, ಬೀಡಿ, ಮಾಸಿದ ಜುಬ್ಬ, ಕೆದರಿದ ಕೂದಲು, ಇವೇ ಪ್ರತಿಭೆಯ ಲಕ್ಷಣಗಳೋ ಎಂಬಂತೆ ಮಾತನಾಡುವವರನ್ನು ನಾನು ಕೇಳಿದ್ದೇನೆ. ಸಾಹಿತ್ಯದಲ್ಲಿಯೂ ಈ ಭ್ರಮೆ ಇದೆ. ಲೆಕ್ಕ ಹಾಕಿ ನೋಡಿದರೆ ಸತ್ಯ ಬೇರೆ. ‘ಅಜಾಂತ್ರಿಕ್’ನಿಂದ ‘ಸುವರ್ಣರೇಖಾ’ದವರೆಗಿನ ಐದು ಚಿತ್ರಗಳು ಸುಮಾರು ಐದು ವರ್ಷಗಳಲ್ಲಿ, ಮನುಷ್ಯ ಗಟ್ಟಿಯಾಗಿದ್ದಾಗ, ಹಗಲಿರುಳು ದುಡಿದು ಆದವು. ಮದ್ಯ ಕೊಟ್ಟದ್ದು ಮೂವತ್ತೇಳರಿಂದ ನಲವತ್ತೇಳರವರೆಗಿನ ಬರಿದಾದ ಹತ್ತು ವರ್ಷ. ಆ ವರ್ಷಗಳ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ಪತ್ನಿ ಸುರಮಾದೇವಿ ಉಪಾಧ್ಯಾಯಿನಿಯ ಕೆಲಸ ಹಿಡಿದು ಮೂವರು ಮಕ್ಕಳನ್ನು ಸಾಕಿದರು. ನೀತಾಳ ಕಥೆಯನ್ನು ಅಷ್ಟು ಮರುಕದಿಂದ ಹೇಳಿದ ಕಲಾವಿದರ ಮನೆಯಲ್ಲಿಯೂ ಹೊರೆ ಹೊತ್ತವಳು ಒಬ್ಬ ಹೆಣ್ಣು. ಘಟಕರು ಇದನ್ನು ಅರಿಯದವರಲ್ಲ. ಅವರ ಕೊನೆಯ ಚಿತ್ರ ಅದಕ್ಕೆ ಸಾಕ್ಷಿ.

1971ರಲ್ಲಿ ಬಾಂಗ್ಲಾದೇಶ ಹುಟ್ಟಿತು. ಘಟಕರಿಗೆ ಹುಟ್ಟಿದ ನೆಲಕ್ಕೆ ಕೆಲಸಗಾರನಾಗಿ ಹಿಂದಿರುಗುವ ಅವಕಾಶ ದೊರೆಯಿತು. ಅಲ್ಲಿನ ನಿರ್ಮಾಪಕರ ಬೆಂಬಲದಿಂದ ‘ತಿತಾಶ್ ಏಕ್ಟಿ ನದೀರ್ ನಾಮ್’ ಚಿತ್ರವನ್ನು ತೆಗೆದರು. ಅದರ ಮೂಲ ಅದ್ವೈತ ಮಲ್ಲಬರ್ಮನ್ ಎಂಬ ಲೇಖಕರ ಕಾದಂಬರಿ. ಮಾಲೋ ಎಂಬ ಬೆಸ್ತ ಸಮುದಾಯದಲ್ಲಿ ಹುಟ್ಟಿ, ತನ್ನವರ ಬದುಕನ್ನು ಬರೆದು, 1951ರಲ್ಲಿ ಕ್ಷಯದಿಂದ ತೀರಿಕೊಂಡವರು ಅವರು. ನದಿ ಬತ್ತುತ್ತದೆ, ನದಿಯನ್ನು ನಂಬಿದ ಜನ ಚದರಿಹೋಗುತ್ತಾರೆ. ಸಾಯುವ ಗಳಿಗೆಯಲ್ಲಿ ಬಾಸಂತಿ ಎಂಬ ಹೆಣ್ಣು ಮರಳನ್ನು ಕೆದಕಿ ನೀರಿಗಾಗಿ ಹುಡುಕುತ್ತಾಳೆ. ಬತ್ತದ ಗದ್ದೆಯ ನಡುವೆ ಪೀಪಿ ಊದುತ್ತ ಓಡಿಬರುವ ಮಗು ಅವಳ ಕಣ್ಣಿಗೆ ಕಾಣುತ್ತದೆ. ಚಿತ್ರ 1973ರಲ್ಲಿ ಬಂದಿತು. ಮೂಲ ಲೇಖಕರನ್ನು ಕೊಂದ ಕ್ಷಯವೇ ಚಿತ್ರ ಮುಗಿಯುವ ಹೊತ್ತಿಗೆ ನಿರ್ದೇಶಕರನ್ನೂ ಹಿಡಿದಿತ್ತು.

ಕೊನೆಯ ಚಿತ್ರ 1974ರ ‘ಜುಕ್ತಿ ತಕ್ಕೊ ಆರ್ ಗಪ್ಪೊ’. ಅದರ ನಾಯಕ ನೀಲಕಂಠ ಬಾಗ್ಚಿ. ಕುಡುಕ, ಕೆಲಸ ಕಳೆದುಕೊಂಡ ಬುದ್ಧಿಜೀವಿ. ಆ ಪಾತ್ರವನ್ನು ಘಟಕರೇ ವಹಿಸಿದರು. ನೀಲಕಂಠನೆಂದರೆ ನಮ್ಮ ನಂಜುಂಡ. ಲೋಕದ ವಿಷವನ್ನು ಕುಡಿದವನು. ಆದರೆ ಈ ನಂಜುಂಡನನ್ನು ಅವರು ದೇವರಾಗಿ ತೋರಿಸಲಿಲ್ಲ. ಚಿತ್ರದ ಆರಂಭದಲ್ಲಿಯೇ ಹೆಂಡತಿ ದುರ್ಗಾ ಮಗನನ್ನು ಕರೆದುಕೊಂಡು ಅವನನ್ನು ಬಿಟ್ಟುಹೋಗುತ್ತಾಳೆ. ಹೋಗುವುದು ಸರಿಯೆಂದೇ ಚಿತ್ರ ಹೇಳುತ್ತದೆ. ಮಗನ ಪಾತ್ರದಲ್ಲಿ ಘಟಕರ ಮಗನೇ ಇದ್ದಾನೆ. ಹೀಗೆ ತನ್ನನ್ನು ತಾನೇ ಸಾರ್ವಜನಿಕವಾಗಿ ವಿಚಾರಣೆಗೆ ಒಳಪಡಿಸಿಕೊಂಡ ನಿರ್ದೇಶಕರು ಭಾರತದಲ್ಲಿ ಹೆಚ್ಚು ಮಂದಿ ಇಲ್ಲ. ಕೊನೆಯಲ್ಲಿ ಕಾಡಿನಲ್ಲಿ ಪೋಲೀಸರ ಗುಂಡು ತಗಲಿ ಸಾಯುವಾಗ ನೀಲಕಂಠ ನೆನೆಯುವುದು ಮಾಣಿಕ್ ಬಂದ್ಯೋಪಾಧ್ಯಾಯರ ಕಥೆಯ ನೇಕಾರ ಮದನನನ್ನು. ಸಾಹುಕಾರನ ನೂಲಿಗೆ ಕೈಚಾಚಿ ಜೊತೆಯ ನೇಕಾರರಿಗೆ ದ್ರೋಹ ಬಗೆಯಲು ಒಲ್ಲದ ಮದನ, ಕೆಲಸವಿಲ್ಲದೆ ಕೈಕಾಲು ಮರಗಟ್ಟಿದಾಗ ರಾತ್ರಿಯೆಲ್ಲ ನೂಲಿಲ್ಲದ ಮಗ್ಗವನ್ನು ಆಡಿಸುತ್ತಾನೆ. ಘಟಕರ ಹತ್ತು ಬರಿದಾದ ವರ್ಷಗಳಿಗೆ ಇದು ಅವರೇ ಬರೆದುಕೊಂಡ ವ್ಯಾಖ್ಯಾನವೆಂದು ನಾನು ಓದುತ್ತೇನೆ. ಈ ಚಿತ್ರದ ಕಥೆಗೆ ರಾಷ್ಟ್ರಪ್ರಶಸ್ತಿ ಬಂದಿತು. ಶಿಲ್ಪಿ ರಾಮಕಿಂಕರ್ ಬೈಜ್ ಅವರನ್ನು ಕುರಿತ ಸಾಕ್ಷ್ಯಚಿತ್ರ ಅಪೂರ್ಣವಾಗಿ ಉಳಿದಿರುವಾಗಲೇ, 1976ರ ಫೆಬ್ರವರಿ 6ರಂದು, ಘಟಕರು ಕಲ್ಕತ್ತೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತು ವರ್ಷ.

ಬದುಕಿನುದ್ದಕ್ಕೂ ಅವರು ಬಿಟ್ಟುಬಂದ ಅಥವಾ ಅವರನ್ನು ಬಿಟ್ಟ ನೆಲೆಗಳನ್ನು ಒಂದೊಂದಾಗಿ ನೋಡಿದೆವು: ಊರು, ಪಕ್ಷ, ಮುಂಬಯಿ, ಪುಣೆ, ಮನೆ. ಸ್ವತಂತ್ರ ನಿರ್ದೇಶಕ ಎಂಬ ಬಿರುದನ್ನು ಈಗ ನಾವು ಸುಲಭವಾಗಿ ಕೊಡುತ್ತೇವೆ. ಘಟಕರಿಗೆ ಆ ಸ್ವಾತಂತ್ರ್ಯ ಬಯಸಿ ಪಡೆದ ಭೋಗವಾಗಿರಲಿಲ್ಲ. ತಮ್ಮ ಜನರ ಒಂದು ದುಃಖವನ್ನು ಕುಗ್ಗಿಸದೆ ಹೇಳಬೇಕೆಂಬ ಹಟ ಹಿಡಿದುದರಿಂದ ಪ್ರತಿಯೊಂದು ಆಶ್ರಯವೂ ಅವರಿಗೆ ಇಕ್ಕಟ್ಟಾಯಿತು. ಆ ಹಟ ಅವರ ಚಿತ್ರಗಳನ್ನು ಕಾಪಾಡಿತು. ಅವರನ್ನೂ ಅವರ ಮನೆಯವರನ್ನೂ ಕಾಪಾಡಲಿಲ್ಲ. ಎರಡನ್ನೂ ಒಟ್ಟಿಗೆ ನೆನಪಿಡುವುದು ನ್ಯಾಯ.

ಸತ್ತ ಮೇಲೆ ಜನ ಬಂದರು. ‘ನಾಗರಿಕ’ ಬಿಡುಗಡೆಯಾಯಿತು, ದೇಶವಿದೇಶಗಳಲ್ಲಿ ಉತ್ಸವಗಳು ನಡೆದವು, ‘ತಿತಾಶ್’ ಚಿತ್ರದ ಪ್ರತಿಯನ್ನು ಅಂತರರಾಷ್ಟ್ರೀಯ ನೆರವಿನಿಂದ 2010ರಲ್ಲಿ ಸರಿಪಡಿಸಿ ಉಳಿಸಿಕೊಳ್ಳಲಾಯಿತು. 2025ರಲ್ಲಿ ಅವರ ಜನ್ಮಶತಾಬ್ದಿ ಬಂದಿತು. ಅದಕ್ಕೆ ಒಂದು ವರ್ಷ ಮುಂಚೆ, 2024ರ ಆಗಸ್ಟಿನಲ್ಲಿ, ರಾಜಶಾಹಿಯಲ್ಲಿ ಅವರ ಮನೆತನಕ್ಕೆ ಸೇರಿದ್ದ ಹಳೆಯ ಮನೆಯನ್ನು ಕೆಡವಿಹಾಕಿದರು. ಅಲ್ಲಿಗೆ ಹೋಗಿ ನೋಡಬೇಕೆನ್ನುವವರಿಗೆ ಈಗ ಆ ಮನೆ ಇಲ್ಲ. ಪದ್ಮೆ ಮಾತ್ರ ಹರಿಯುತ್ತಿದೆ. ‘ಸುವರ್ಣರೇಖಾ’ದ ಕೊನೆಯಲ್ಲಿ ಸತ್ತ ಸೀತೆಯ ಪುಟ್ಟ ಮಗ, ತಾಯಿ ಹೇಳುತ್ತಿದ್ದ ಹೊಸ ಮನೆಯನ್ನು ನೋಡುವ ಆಸೆಯಿಂದ, ಮುದುಕನಾದ ಮಾವನ ಕೈಹಿಡಿದು ನಡೆಯುತ್ತಾನೆ. ಮಾವನ ಕೈಯಲ್ಲಿ ಕೆಲಸವೂ ಇಲ್ಲ, ಮನೆಯೂ ಇಲ್ಲ. ಮಗುವಿಗೆ ಅದು ತಿಳಿಯದು. ಅದು ಮುಂದೆ ಮುಂದೆ ಎಳೆಯುತ್ತದೆ. ವಿದ್ಯಾರ್ಥ��ಗಳು ಘಟಕರನ್ನು ನೋಡಲು ತೊಡಗುವುದಾದರೆ ಈ ಚಿತ್ರದಿಂದಲೇ ತೊಡಗಲಿ ಎಂದು ನನ್ನ ಸಲಹೆ.